ಹಾಜರಿ ಹಾಕಿದ ತೋಳ

(ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಶನಿವಾರ ಸಂಜೆ, ಹಳೆಯ ಕಾರ್ಟೂನ್ ಕಿರುಚಿತ್ರಗಳನ್ನು ತೋರಿಸುತ್ತ ಮಕ್ಕಳ ಮತ್ತು ಹಿರಿಯರ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಚಿತ್ರವನ್ನು ಇಲ್ಲಿ ನಿಲ್ಲಿಸುತ್ತೇನೆ. ತೋಳ ಹೊರಗಿದ್ದಾನೆ, ಇರಲಿ. ನೀವು ಮನೆಯೊಳಗೆ, ಹಂದಿಯ ಹಿಂದಿನ ಗೋಡೆಯನ್ನು ನೋಡಿ. ಇಟ್ಟಿಗೆಯ ಮನೆ. ಇಟ್ಟಿಗೆಯಲ್ಲೇ ಮಾಡಿದ ಪಿಯಾನೊ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಪಟಗಳು. ಒಂದರಲ್ಲಿ ತಾಯಿ ಹಂದಿ ಅಡ್ಡಲಾಗಿ ಮಲಗಿ ಮರಿಗಳಿಗೆ ಹಾಲೂಡಿಸುತ್ತಿದೆ. ಇನ್ನೊಂದು ಪಟದ ಕೆಳಗೆ ‘ಅಪ್ಪ’ ಎಂದು ಬರೆದಿದೆ. ಆ ಪಟದಲ್ಲಿ ಇರುವುದು ಒಂದು ಸರ ಸಾಸೇಜ್.

ಇದು ಡಿಸ್ನಿ ಸ್ಟುಡಿಯೊ 1933ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ‘ಥ್ರೀ ಲಿಟಲ್ ಪಿಗ್ಸ್’. ಮೂರು ಹಂದಿಮರಿಗಳ ಕತೆ ನಿಮಗೆಲ್ಲ ಗೊತ್ತಿರುವುದೇ. ಆದರೆ ಈ ಪಟವನ್ನು ಎಷ್ಟು ಜನ ಗಮನಿಸಿದ್ದೀರಿ? ಆ ಅಪ್ಪನನ್ನು ಸಾಸೇಜ್ ಮಾಡಿದವನು ತೋಳ ಆಗಿರಲಾರ. ಮಾಂಸ ಅರೆಯುವುದು, ಕರುಳಿಗೆ ತುಂಬುವುದು, ಸರ ಕಟ್ಟಿ ನೇತುಹಾಕುವುದು, ಇವೆಲ್ಲ ಮನುಷ್ಯರ ಕೆಲಸ. ಎಂಟು ನಿಮಿಷದ ಈ ಚಿತ್ರದಲ್ಲಿ ಒಬ್ಬನೇ ಒಬ್ಬ ಮನುಷ್ಯನಿಲ್ಲ. ಅಪ್ಪ ಹೋದದ್ದು ಯಾರ ಕೈಯಲ್ಲಿ ಎಂದು ಯಾರೂ ಕೇಳುವುದಿಲ್ಲ. ಭಯಪಡಬೇಕಾದದ್ದು ಮಾತ್ರ ತೋಳನಿಗೆ.

ನಮ್ಮಲ್ಲಿ ಒಂದು ಗಾದೆ ಇದೆ: ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಕಾರ್ಟೂನ್ ಚಿತ್ರಗಳ ಚರಿತ್ರೆಯಲ್ಲಿ ತೋಳ ಬಿದ್ದಷ್ಟು ಹಳ್ಳಕ್ಕೆ ಇನ್ಯಾವ ಪ್ರಾಣಿಯೂ ಬಿದ್ದಿಲ್ಲ. ಆದರೂ ಕೆಲವು ಚಿತ್ರಕಾರರು ಕಲ್ಲನ್ನು ಕೈಯಲ್ಲೇ ಹಿಡಿದುಕೊಂಡು ಹಳ್ಳದ ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡಿದರು. ಕೆಲವರು ಇಳಿದೇ ಬಿಟ್ಟರು. ಈ ಸಂಜೆ ನಾನು ಮಾತನಾಡಬೇಕೆಂದಿರುವುದು ಅವರ ಬಗ್ಗೆ.

ಮಾತಿನ ನಡುವೆ ನಾನು ಒಮ್ಮೆ ‘ತೋಳನನ್ನು’ ಎಂದರೆ ಇನ್ನೊಮ್ಮೆ ‘ತೋಳವನ್ನು’ ಎನ್ನುತ್ತೇನೆ. ತಪ್ಪು ತಿಳಿಯಬೇಡಿ. ಕತೆಯೊಳಗಿನ ತೋಳ ನನಗೆ ‘ಅವನು’, ಬಯಲಿನಲ್ಲಿರುವ ತೋಳ ‘ಅದು’. ನಮ್ಮ ಭಾಷೆಯೇ ಈ ಎರಡನ್ನು ಬೇರೆ ಮಾಡಿ ಇಟ್ಟುಕೊಳ್ಳುವ ಅನುಕೂಲ ಕೊಟ್ಟಿದೆ. ಈ ಎರಡೂ ಒಂದೇ ಎಂದುಕೊಂಡದ್ದರಿಂದ ಬಯಲಿನ ತೋಳಕ್ಕೆ ಬಹಳ ಅನ್ಯಾಯವಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

1933ರ ಅಮೆರಿಕವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಮಹಾ ಆರ್ಥಿಕ ಕುಸಿತದ ಅತ್ಯಂತ ಕೆಟ್ಟ ವರ್ಷ. ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಇಂಗ್ಲಿಷಿನಲ್ಲಿ ಮನೆಗೆ ಬಂದ ಬಡತನವನ್ನು ಬಾಗಿಲಿಗೆ ಬಂದ ತೋಳ ಎಂದು ಕರೆಯುವ ರೂಢಿ ಹಿಂದಿನಿಂದಲೂ ಇದೆ. ಅಂಥ ಹೊತ್ತಿನಲ್ಲಿ ಹಂದಿಮರಿಗಳು ಕೊಳಲು, ಪಿಟೀಲು ಹಿಡಿದು, ದೊಡ್ಡ ಕೆಟ್ಟ ತೋಳನಿಗೆ ಹೆದರುವವರು ಯಾರು ಎಂದು ಹಾಡಿದವು. ಫ್ರಾಂಕ್ ಚರ್ಚಿಲ್ ರಾಗ ಹಾಕಿದ ಆ ಹಾಡು ಚಿತ್ರಮಂದಿರದಿಂದ ಬೀದಿಗೆ ಬಂತು, ರೇಡಿಯೊಕ್ಕೆ ಹೋಯಿತು, ದೇಶವೇ ಅದನ್ನು ಗುನುಗಿತು. ಚಿತ್ರಕ್ಕೆ ಆಸ್ಕರ್ ಬಂತು. ಜನ ಆ ತೋಳನಲ್ಲಿ ತಮ್ಮ ಹಸಿವನ್ನು, ತಮ್ಮ ಸಾಲವನ್ನು ಕಂಡರು, ಅವನು ಬಾಲ ಸುಟ್ಟುಕೊಂಡು ಓಡಿದ್ದನ್ನು ನೋಡಿ ನಿಟ್ಟುಸಿರು ಬಿಟ್ಟರು.

ಹಸಿವಿಗೂ ತೋಳಕ್ಕೂ ನಂಟು ಕಟ್ಟಿದವರು ಇಂಗ್ಲಿಷಿನವರು ಮಾತ್ರ ಅಲ್ಲ. ಭೀಮನಿಗೆ ವೃಕೋದರ ಎಂಬ ಹೆಸರಿರುವುದು ನಿಮಗೆ ಗೊತ್ತು. ವೃಕ ಎಂದರೆ ತೋಳ, ಉದರ ಎಂದರೆ ಹೊಟ್ಟೆ. ತೋಳದ ಹೊಟ್ಟೆಯವನು. ನಮ್ಮ ಹಿರಿಯರು ಆ ಹೆಸರನ್ನು ನಾಯಕನಿಗೆ ಇಟ್ಟರು, ಬೈಗುಳವಾಗಿ ಇಡಲಿಲ್ಲ. ಹಸಿವು ದೊಡ್ಡದಿದ್ದವನ ಬಲವೂ ದೊಡ್ಡದು ಎಂದು ನಂಬಿದ ಕಣ್ಣು ಅದು.

ಈಗ ತೋಳ ಉಸಿರು ಎಳೆದುಕೊಳ್ಳುವ ದೃಶ್ಯವನ್ನು ನಿಧಾನವಾಗಿ ಹಾಕುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಕಲಿಸಿದ್ದೇನೆ, ಇಂಥ ಜಾಗದಲ್ಲಿ ನಿಲ್ಲದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ತೋಳನನ್ನು ಚಲಿಸುವಂತೆ ಮಾಡಿದವರು ನಾರ್ಮ್ ಫರ್ಗೂಸನ್. ಹಂದಿಗಳು ಫ್ರೆಡ್ ಮೂರ್ ಅವರ ಕೈಯವು. ತೇಪೆ ಹಾಕಿದ ಚಡ್ಡಿ, ಅದನ್ನು ಹಿಡಿದಿರುವ ಪಟ್ಟಿ, ತಲೆಯ ಮೇಲೆ ಹಳೆಯ ಟೋಪಿ, ಅಂಗಿ ಇಲ್ಲ. ಉಸಿರು ಎಳೆದಂತೆ ಎದೆ ಉಬ್ಬುತ್ತದೆ, ಹೊಟ್ಟೆಯಲ್ಲಿದ್ದದ್ದೆಲ್ಲ ಮೇಲಕ್ಕೆ ಏರುತ್ತದೆ, ಸೊಂಟ ಸಣ್ಣಗಾಗುತ್ತದೆ, ಚಡ್ಡಿ ಜಾರುತ್ತದೆ. ಅವನು ಅದನ್ನು ಎಳೆದುಕೊಳ್ಳುತ್ತಾನೆ. ಮತ್ತೆ ಊದುತ್ತಾನೆ. ಇಟ್ಟಿಗೆ ಮನೆಯ ಮುಂದೆ ಬರುವ ಹೊತ್ತಿಗೆ ಊದಿ ಊದಿ ಚಡ್ಡಿಯೇ ಕಳಚಿಹೋಗುತ್ತದೆ. ಆ ತೇಪೆಯನ್ನು ನೋಡಿ. ಹಂದಿಗಳಿಗೆ ಮನೆ ಇದೆ, ವಾದ್ಯ ಇದೆ, ಗೋಡೆಗೆ ಪಟ ಇದೆ. ಇಡೀ ಚಿತ್ರದಲ್ಲಿ ತೇಪೆ ಹಾಕಿದ ಬಟ್ಟೆ ತೊಟ್ಟವನು ತೋಳ ಒಬ್ಬನೇ. ಬಡತನದ ಗುರುತಾಗಿ ಬಂದವನು ತಾನೇ ಬಡವ! ಚಿತ್ರ ಬರೆದವರು ಇದನ್ನು ಬೇಕೆಂದೇ ಮಾಡಿದರೋ ಇಲ್ಲವೋ, ಅವರ ಕೈ ನಿಜವನ್ನು ಬರೆದುಬಿಟ್ಟಿದೆ.

ಈ ಚಿತ್ರದಲ್ಲಿ ಒಂದು ಕಳಂಕವೂ ಇದೆ. ಅದನ್ನು ಮುಚ್ಚಿಡಬಾರದು. ಇಟ್ಟಿಗೆ ಮನೆಯ ಬಾಗಿಲಿಗೆ ತೋಳ ಬ್ರಷ್ ಮಾರುವವನ ವೇಷದಲ್ಲಿ ಬರುತ್ತಾನೆ. 1933ರ ಮೂಲ ಪ್ರತಿಯಲ್ಲಿ ಆ ವೇಷ ಯಹೂದಿ ವ್ಯಾಪಾರಿಯ ಅಣಕವಾಗಿತ್ತು. ಸುಳ್ಳು ಮೂಗು, ಗಡ್ಡ, ಉಚ್ಚಾರಣೆ, ಎಲ್ಲವೂ. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರ ಹಿಡಿದಿದ್ದ. ಮುಂದೆ ಸ್ಟುಡಿಯೊ ಆ ಭಾಗವನ್ನು ಹೊಸದಾಗಿ ಬರೆಸಿತು, ಮಾತನ್ನೂ ಬದಲಿಸಿತು. ತೋಳನ ಮೇಲೆ ಎಸೆಯುವ ಕಲ್ಲು ಎಷ್ಟು ಸಲೀಸಾಗಿ ಬೇರೆ ಯಾರ ಮೇಲೋ ಹೋಗಿ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಜನ ಇನ್ನೂ ಬೇಕು ಎಂದರು. 1934, 1936, 1939ರಲ್ಲಿ ಮತ್ತೆ ಮೂರು ಚಿತ್ರಗಳು ಬಂದವು. ಮೊದಲನೆಯದಕ್ಕೆ ಯಾವುದೂ ಸಾಟಿಯಾಗಲಿಲ್ಲ. ಹಂದಿಗಳನ್ನು ಹಂದಿಗಳಿಂದ ಮೀರಿಸಲಾಗದು ಎಂದು ವಾಲ್ಟ್ ಡಿಸ್ನಿ ಆಮೇಲೆ ಹೇಳುತ್ತಿದ್ದರು. ನನಗೆ ಕಾಣುವ ಕಾರಣ ಬೇರೆ. ಆ ಮುಂದಿನ ಚಿತ್ರಗಳಲ್ಲಿ ಮೂರನೆಯ ಹಂದಿ ತೋಳನನ್ನು ಬಗ್ಗುಬಡಿಯುವ ಯಂತ್ರ ಕಟ್ಟುತ್ತದೆ, ಸುಳ್ಳು ಪತ್ತೆ ಹಚ್ಚುವ ಯಂತ್ರ ಕಟ್ಟುತ್ತದೆ. ತೋಳನಿಗೆ ಮೂರು ಮರಿಗಳು ಹುಟ್ಟಿರುತ್ತವೆ. ಒಂದು ಕಡೆ ಯಂತ್ರಗಳು, ಇನ್ನೊಂದು ಕಡೆ ಹಸಿದ ಮರಿಗಳ ಅಪ್ಪ. ಇಲ್ಲಿ ಯಾರ ಪರ ನಿಲ್ಲಬೇಕು ಎಂದು ಪ್ರೇಕ್ಷಕನ ಮನಸ್ಸು ತಡವರಿಸುತ್ತದೆ, ಚಿತ್ರಕ್ಕೆ ಮಾತ್ರ ಆ ಅನುಮಾನವೇ ಇಲ್ಲ.

ಯುದ್ಧ ಬಂತು, ತೋಳನ ತೋಳಿಗೆ ನಾಜಿಗಳ ಸ್ವಸ್ತಿಕದ ಪಟ್ಟಿ ಬಂತು. 1941ರಲ್ಲಿ ಡಿಸ್ನಿ ಸ್ಟುಡಿಯೊ ಕೆನಡಾಕ್ಕಾಗಿ ಹಳೆಯ ಚಿತ್ರವನ್ನೇ ತಿದ್ದಿ, ಯುದ್ಧದ ಉಳಿತಾಯಪತ್ರಗಳಿಂದ ಕಟ್ಟಿದ ಮನೆಯನ್ನು ತೋರಿಸಿತು. 1942ರಲ್ಲಿ ಎಂಜಿಎಂ ಸ್ಟುಡಿಯೊದಿಂದ ‘ಬ್ಲಿಟ್ಜ್ ವುಲ್ಫ್’ ಬಂತು, ಅದರಲ್ಲಿ ತೋಳನ ಹೆಸರೇ ಅಡಾಲ್ಫ್. ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೋಳ ಇಂಥವನೇ ಎಂದು ಒಬ್ಬ ಮನುಷ್ಯನ ಹೆಸರು ಅಂಟಿಸಿದ ಕೂಡಲೇ ಅವನ ಹಸಿವು ಹೊರಟುಹೋಗುತ್ತದೆ. ಹಸಿವಿಲ್ಲದ ತೋಳನನ್ನು ಬರೆಯುವುದರಲ್ಲಿ ಚಿತ್ರಕಾರನಿಗೆ ಏನಿದೆ?

ಆದರೆ ‘ಬ್ಲಿಟ್ಜ್ ವುಲ್ಫ್’ ನಿರ್ದೇಶಿಸಿದವರ ಹೆಸರನ್ನು ನೆನಪಿಟ್ಟುಕೊಳ್ಳಿ. ಟೆಕ್ಸ್ ಏವರಿ. ಟೆಕ್ಸಸ್‌ನ ಟೇಲರ್ ಎಂಬ ಊರಿನವರು, 1908ರಲ್ಲಿ ಹುಟ್ಟಿದವರು. ‘ಬ್ಲಿಟ್ಜ್ ವುಲ್ಫ್’ ಬಂದ ಮರುವರ್ಷ, 1943ರ ಮೇ ತಿಂಗಳಲ್ಲಿ, ಅವರು ‘ರೆಡ್ ಹಾಟ್ ರೈಡಿಂಗ್ ಹುಡ್’ ತೆಗೆದರು.

ಅದರ ಮೊದಲ ಒಂದು ನಿಮಿಷವನ್ನು ನೋಡಿ. ನಿರೂಪಕ ಸಿಹಿಯಾದ ದನಿಯಲ್ಲಿ ಕೆಂಪು ಟೋಪಿಯ ಹುಡುಗಿಯ ಕತೆ ಶುರು ಮಾಡುತ್ತಾನೆ. ಕಾಡು, ಬುಟ್ಟಿ, ಅಜ್ಜಿ. ತೋಳ ತಟ್ಟನೆ ನಿಂತು ನಿರೂಪಕನ ಮೇಲೆ ಹರಿಹಾಯುತ್ತಾನೆ: ಇದೇ ಕತೆಯನ್ನು ಇದೇ ರೀತಿ ಇನ್ನೆಷ್ಟು ಸಲ ಹೇಳುತ್ತೀರಿ? ಹುಡುಗಿಯೂ ಅವನ ಜೊತೆ ಸೇರುತ್ತಾಳೆ, ಅಜ್ಜಿಯೂ ಸೇರುತ್ತಾಳೆ. ನಿರೂಪಕ ಸೋತು ಕತೆಯನ್ನು ಹಾಲಿವುಡ್ಡಿಗೆ ಸಾಗಿಸಿ ಮತ್ತೆ ಶುರು ಮಾಡುತ್ತಾನೆ. ನೂರಾರು ವರ್ಷ ಬೇರೆಯವರು ಹೇಳಿದ ಕತೆಯಲ್ಲಿ ಇದ್ದು ಬಂದ ತೋಳ ಇಲ್ಲಿ ಬಾಯಿ ತೆರೆದು ತನ್ನ ಪಾತ್ರದ ಬಗ್ಗೆ ತಾನೇ ತಕರಾರು ತೆಗೆದ. ಇದು ನನಗೆ ಬಹಳ ದೊಡ್ಡ ಘಟನೆ.

ಆಮೇಲೆ ನಡೆಯುವುದನ್ನು ನೀವು ಆಗಲೇ ನೋಡಿ ನಕ್ಕಿರಿ. ಉದ್ದದ ಕಾರಿನಲ್ಲಿ ಸೂಟು ತೊಟ್ಟು ಬರುವ ತೋಳ, ನೈಟ್ ಕ್ಲಬ್ಬಿನ ವೇದಿಕೆಯ ಮೇಲೆ ಹಾಡುವ ರೆಡ್, ಅಂದರೆ ಅದೇ ಕೆಂಪು ಟೋಪಿಯ ಹುಡುಗಿ. ಆಕೆಯನ್ನು ಬರೆದವರು ಪ್ರೆಸ್ಟನ್ ಬ್ಲೇರ್. ತೋಳ ಆಕೆಯನ್ನು ಕಂಡ ಕ್ಷಣವನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ಹಾಕುತ್ತೇನೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ಏಳು ನಿಮಿಷದ ಚಿತ್ರಕ್ಕೆ ಹತ್ತು ಸಾವಿರಕ್ಕೂ ಹೆಚ್ಚು. ಇಲ್ಲಿ ಅವನು ಸುಮ್ಮನೆ ಕುಳಿತಿದ್ದಾನೆ. ಮುಂದಿನದರಲ್ಲಿ ಕುರ್ಚಿಯಿಂದ ಮೇಲೆದ್ದಿದ್ದಾನೆ. ಅದರ ಮುಂದೆ ಇಡೀ ದೇಹ ಗಾಳಿಯಲ್ಲಿ ಅಡ್ಡಲಾಗಿ, ಹಲಗೆಯ ಹಾಗೆ ಸೆಟೆದು ನಿಂತಿದೆ. ಊಳಿಡುತ್ತಾನೆ, ಶಿಳ್ಳೆ ಹಾಕುತ್ತಾನೆ, ಮೇಜು ಕುಟ್ಟುತ್ತಾನೆ, ಚಪ್ಪಾಳೆ ತಟ್ಟಲು ಯಂತ್ರ ತರುತ್ತಾನೆ. ಒಳಗೆ ಇರುವ ಆಸೆ ಒಂದಿಷ್ಟೂ ಒಳಗೆ ಉಳಿಯುವುದಿಲ್ಲ, ಎಲ್ಲವೂ ದೇಹಕ್ಕೆ ಬಂದುಬಿಡುತ್ತದೆ. ನಟ ಎಷ್ಟೇ ದೊಡ್ಡವನಾದರೂ ಅವನಿಗೆ ಮೂಳೆಗಳಿವೆ. ಈ ತೋಳನಿಗೆ ಪೆನ್ಸಿಲ್ಲಿನ ಗೆರೆ ಮಾತ್ರ. ಆಸೆ ಎಷ್ಟು ಉದ್ದವೋ ದೇಹವೂ ಅಷ್ಟು ಉದ್ದ.

ಆಗಿನ ಅಮೆರಿಕದ ಆಡುಮಾತಿನಲ್ಲಿ ಹೆಂಗಸರ ಹಿಂದೆ ಬೀಳುವ ಗಂಡಸನ್ನು ತೋಳ ಎಂದೇ ಕರೆಯುತ್ತಿದ್ದರು. ಏವರಿ ಆ ಮಾತನ್ನು ಅಕ್ಷರಶಃ ತೆಗೆದುಕೊಂಡು ಬರೆದರು. ಇಲ್ಲಿ ನನಗೊಂದು ಕಸಿವಿಸಿ ಇದೆ, ಇಲ್ಲಿ ಕುಳಿತ ಹೆಣ್ಣುಮಕ್ಕಳಿಗೂ ಇರಬಹುದು. ವೇದಿಕೆಯ ಮೇಲಿನ ರೆಡ್ ನೋಡಿಸಿಕೊಳ್ಳುವುದಕ್ಕೆಂದೇ ಬರೆದ ಚಿತ್ರ. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಚಿತ್ರದಲ್ಲಿ ಏಟು ಬೀಳುವುದೆಲ್ಲ ನೋಡುವವನಿಗೆ. ರೆಡ್ ಅವನನ್ನು ತಳ್ಳಿ ಹೋಗುತ್ತಾಳೆ. ಗಗನಚುಂಬಿ ಕಟ್ಟಡದ ತುದಿಯ ಮನೆಯಲ್ಲಿ ಅಜ್ಜಿ ಅವನನ್ನೇ ಬೇಟೆಯಾಡಲು ಹೊರಡುತ್ತಾಳೆ. ಬೇಟೆಗಾರ ಬೇಟೆಯಾಗುತ್ತಾನೆ. ಅಜ್ಜಿ ತೋಳನನ್ನು ಮದುವೆಯಾಗುವ ಹಾಗೆ ಮೊದಲು ಕೊನೆ ಮಾಡಿದ್ದರು, ಸೆನ್ಸಾರ್ ಕಣ್ಣಿಗೆ ಬಿದ್ದು ಅದು ಹೋಯಿತು. ಈಗಿರುವ ಕೊನೆಯಲ್ಲಿ ಅವನು ಇನ್ನೊಬ್ಬ ಹೆಂಗಸನ್ನು ನೋಡಿದರೆ ಪ್ರಾಣ ಬಿಡುತ್ತೇನೆ ಎಂದು ಆಣೆ ಮಾಡುತ್ತಾನೆ, ರೆಡ್ ವೇದಿಕೆಗೆ ಬರುತ್ತಾಳೆ, ಅವನು ಮಾತಿನಂತೆ ಪ್ರಾಣ ಬಿಡುತ್ತಾನೆ, ಅವನ ಪ್ರೇತ ಎದ್ದು ಮತ್ತೆ ಊಳಿಡುತ್ತದೆ. ಸಾವೂ ಆ ಹಸಿವನ್ನು ಕಳೆಯಲಿಲ್ಲ.

ಏವರಿಯ ತೋಳ ಇನ್ನೊಂದು ಸಾಲಿನ ಚಿತ್ರಗಳಲ್ಲಿ ಜೈಲಿನಿಂದ ತಪ್ಪಿಸಿಕೊಂಡ ಕೈದಿ. 1943ರ ‘ಡಂಬ್ ಹೌಂಡೆಡ್’, 1946ರ ‘ನಾರ್ತ್‌ವೆಸ್ಟ್ ಹೌಂಡೆಡ್ ಪೊಲೀಸ್’. ಅವನನ್ನು ಹಿಡಿಯಲು ಬರುವುದು ಡ್ರೂಪಿ ಎಂಬ ಪುಟ್ಟ, ಜೋಲುಮುಖದ ನಾಯಿ. ತೋಳ ಪೆನ್ಸಿಲ್ಲಿನಿಂದ ಜೈಲಿನ ಗೋಡೆಯ ಮೇಲೆ ಬಾಗಿಲು ಬರೆದು, ಅದನ್ನೇ ತೆರೆದು ಹೊರಬೀಳುತ್ತಾನೆ. ಎಲ್ಲಿಗೆ ಓಡಿದರೂ ಡ್ರೂಪಿ ಅಲ್ಲಿ ಮೊದಲೇ ನಿಂತಿರುತ್ತಾನೆ. ಓಟದ ರಭಸಕ್ಕೆ ಅವನು ಫಿಲ್ಮಿನ ಅಂಚನ್ನೇ ದಾಟಿ, ರೀಲಿನ ತೂತುಗಳಾಚೆ ಬಿಳಿಯ ಖಾಲಿ ಜಾಗಕ್ಕೆ ಜಾರಿ, ಗಾಬರಿಯಿಂದ ಮತ್ತೆ ಒಳಗೆ ಓಡಿ ಬರುತ್ತಾನೆ. ಚಿತ್ರಮಂದಿರಕ್ಕೆ ನುಗ್ಗಿ ಅಡಗಿ ಕುಳಿತರೆ ತೆರೆಯ ಮೇಲೂ ಡ್ರೂಪಿ. ಚಿಕ್ಕ ಮಕ್ಕಳು ಇಲ್ಲಿ ನಗುತ್ತಾರೆ. ನಾನೂ ನಕ್ಕೆ. ಆದರೆ ಆ ಬಿಳಿಯ ಖಾಲಿ ಜಾಗದಲ್ಲಿ ತೋಳನ ಮುಖ ನೋಡಿ. ಚಿತ್ರದೊಳಗೆ ಹಿಡಿಯುವವನಿದ್ದಾನೆ, ಚಿತ್ರದ ಹೊರಗೆ ಏನೂ ಇಲ್ಲ. ಅವನು ಒಳಗಿನದನ್ನೇ ಆರಿಸಿಕೊಂಡ.

1953ರ ‘ಥ್ರೀ ಲಿಟಲ್ ಪಪ್ಸ್’ ಹೊತ್ತಿಗೆ ಇದೇ ನಿರ್ದೇಶಕರ ತೋಳ ತಣ್ಣಗಾಗಿದ್ದ. ಡಾಸ್ ಬಟ್ಲರ್ ಅವರ ದನಿಯಲ್ಲಿ, ದಕ್ಷಿಣ ಅಮೆರಿಕದ ರಾಜ್ಯಗಳ ಎಳೆದೆಳೆದು ಆಡುವ ಮಾತಿನಲ್ಲಿ, ಏಟು ಬಿದ್ದರೂ ಶಿಳ್ಳೆ ಹಾಕಿಕೊಂಡು ಹೋಗುವವನು. ದಕ್ಷಿಣ ಅಮೆರಿಕ ಎಂದರೆ ಖಂಡವಲ್ಲ, ಅದೇ ದೇಶದ ತೆಂಕಣ ಭಾಗ.

ಈಗ ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರದ ತೋಳನಿಗೆ ಬರುತ್ತೇನೆ. ಅದಕ್ಕೆ ಮುನ್ನ ನಮ್ಮ ಮುತ್ಯಾನ ಮಾತು ಸ್ವಲ್ಪ. ಅವರು ಕುರಿಮಂದೆ ಇಟ್ಟವರು. ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ತರುಬಿ, ಕಂಬಳಿ ಹೊದ್ದು, ನಾಯಿಗಳ ನಡುವೆ ರಾತ್ರಿ ಕಳೆದವರು. ನಾನು ಚಿಕ್ಕವಳಿದ್ದಾಗ, ತೋಳ ಬಂದರೆ ಹೆದರಿಕೆ ಆಗುವುದಿಲ್ಲವೇ ಮುತ್ಯಾ ಎಂದು ಕೇಳಿದ್ದೆ. ಅವರು ಹೇಳಿದ್ದು ಇಷ್ಟು: “ಹತ್ತು ರಾತ್ರಿ ಬರುತ್ತದವ್ವಾ, ಒಂಬತ್ತು ರಾತ್ರಿ ಬರಿ ಹೊಟ್ಟೆಯಲ್ಲೇ ಹೋಗುತ್ತದೆ. ನನಗೆ ಕಾಯುವ ಕೆಲಸ, ಅದಕ್ಕೆ ಬರುವ ಕೆಲಸ.” ಆಮೇಲೆ ಎಷ್ಟೋ ವರ್ಷಕ್ಕೆ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ಅವರ ತೋಳನನ್ನು ನೋಡಿದಾಗ ನನ್ನ ಮೈ ಜುಮ್ಮೆಂದಿತು.

ಅವನ ಹೆಸರು ರಾಲ್ಫ್. ವಾರ್ನರ್ ಬ್ರದರ್ಸ್ ಸ್ಟುಡಿಯೊದಿಂದ 1953ರಿಂದ 1963ರವರೆಗೆ ಅವನ ಏಳು ಕಿರುಚಿತ್ರಗಳು ಬಂದವು. ಮೊದಲನೆಯದು ‘ಡೋಂಟ್ ಗಿವ್ ಅಪ್ ದ ಶೀಪ್’. ಎದುರಾಳಿ ಸ್ಯಾಮ್ ಎಂಬ ಕುರಿ ಕಾಯುವ ನಾಯಿ, ಬೆಟ್ಟದಂಥ ಮೈ, ಕಣ್ಣಿನ ಮೇಲೆ ಇಳಿಬಿದ್ದ ಕೆಂಪು ಕೂದಲು. ಇಬ್ಬರಿಗೂ ದನಿ ಮೆಲ್ ಬ್ಲಾಂಕ್ ಅವರದು.

ಆರಂಭ ಹೀಗೆ. ಬೆಳಗಿನ ಹೊತ್ತು, ಹುಲ್ಲುಗಾವಲು, ಮೇಯುವ ಕುರಿಗಳು. ಒಂದು ಕಡೆಯಿಂದ ಸ್ಯಾಮ್ ಬರುತ್ತಾನೆ, ಕೈಯಲ್ಲಿ ಊಟದ ಡಬ್ಬಿ. ಇನ್ನೊಂದು ಕಡೆಯಿಂದ ರಾಲ್ಫ್ ಬರುತ್ತಾನೆ, ಅವನ ಕೈಯಲ್ಲೂ ಊಟದ ಡಬ್ಬಿ. ಬಯಲಿನಲ್ಲೇ ಕಾರ್ಖಾನೆಯಲ್ಲಿರುವಂಥ ಹಾಜರಿ ಗಡಿಯಾರ. ನಮಸ್ಕಾರ ಸ್ಯಾಮ್, ನಮಸ್ಕಾರ ರಾಲ್ಫ್. ಇಬ್ಬರೂ ಸರದಿಯಂತೆ ಕಾರ್ಡು ತೂರಿಸುತ್ತಾರೆ, ಸಿಳ್ಳು ಕೂಗುತ್ತದೆ, ಮರುಕ್ಷಣವೇ ಒಬ್ಬ ಕಳ್ಳ, ಇನ್ನೊಬ್ಬ ಕಾವಲುಗಾರ. ರಾಲ್ಫ್ ಸುರಂಗ ತೋಡುತ್ತಾನೆ, ಹಗ್ಗ ಕಟ್ಟುತ್ತಾನೆ, ಕುರಿಯ ಚರ್ಮ ಹೊದ್ದು ತೆವಳುತ್ತಾನೆ. ಮೊದಲ ಚಿತ್ರದಲ್ಲಿ ಗಡಿಯಾರದ ಮುಳ್ಳನ್ನೇ ಮುಂದಕ್ಕೆ ತಿರುಗಿಸಿ, ಮುಂದಿನ ಪಾಳಿಯ ನಾಯಿಯ ವೇಷದಲ್ಲಿ ಬರುತ್ತಾನೆ. ಎಲ್ಲ ಉಪಾಯದ ಕೊನೆಗೂ ಸ್ಯಾಮ್‌ನ ಮುಷ್ಟಿ ಇರುತ್ತದೆ. ಸ್ಯಾಮ್ ಓಡುವುದಿಲ್ಲ, ಅರಚುವುದಿಲ್ಲ. ಕೈ ಚಾಚಿದರೆ ರಾಲ್ಫ್‌ನ ಕುತ್ತಿಗೆ ಅಲ್ಲಿಗೇ ಬಂದಿರುತ್ತದೆ. ಗುದ್ದಲು ಕೈ ಎತ್ತಿದ ಹೊತ್ತಿಗೆ ಊಟದ ಸಿಳ್ಳು ಕೂಗಿತೆನ್ನಿ. ಕೈ ಕೆಳಗಿಳಿಯುತ್ತದೆ. ಇಬ್ಬರೂ ಪಕ್ಕಪಕ್ಕ ಕುಳಿತು ಡಬ್ಬಿ ಬಿಚ್ಚುತ್ತಾರೆ. ಮತ್ತೆ ಸಿಳ್ಳು, ಮತ್ತೆ ಅದೇ ಭಂಗಿ, ಕುತ್ತಿಗೆ ಮತ್ತೆ ಕೈಗೆ. ಸಂಜೆಯಾದರೆ, ನಾಳೆ ನೋಡೋಣ ಸ್ಯಾಮ್, ಆಗಲಿ ರಾಲ್ಫ್. ಒಂದು ಚಿತ್ರದಲ್ಲಿ ಸ್ಯಾಮ್, ನೀನು ತುಂಬ ದುಡಿದು ದಣಿದಿದ್ದೀಯ, ನಾಳೆ ರಜೆ ತೆಗೆದುಕೋ, ಎರಡೂ ಕೆಲಸ ನಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಆ ಮಾತಿನಲ್ಲಿ ಎಷ್ಟು ಅಕ್ಕರೆ ಇದೆ ನೋಡಿ.

ರಾಲ್ಫ್‌ನನ್ನು ನೋಡಿದ ಕೂಡಲೇ ಮಕ್ಕಳು ಇವನು ರೋಡ್ ರನ್ನರ್ ಹಕ್ಕಿಯ ಹಿಂದೆ ಓಡುವವನಲ್ಲವೇ ಎಂದು ಕೂಗಿದರು. ರೂಪ ಅದೇ. 1949ರಲ್ಲಿ ಹುಟ್ಟಿದ ಆ ವೈಲ್ ಇ. ಕಯೋಟಿಯನ್ನೇ ಜೋನ್ಸ್ ಮೂಗಿಗೆ ಕೆಂಪು ಬಣ್ಣ ಕೊಟ್ಟು ಇಲ್ಲಿ ತಂದರು. ಕಯೋಟಿ ತೋಳದ ಹತ್ತಿರದ ನಂಟ. ಅದು ಸದಾ ಹಸಿದಿರುವ, ಬಡತನವೇ ಮೈತಳೆದಂಥ ಪ್ರಾಣಿ ಎಂದು ಮಾರ್ಕ್ ಟ್ವೈನ್ ಬರೆದದ್ದನ್ನು ಅವರು ಬಾಲ್ಯದಲ್ಲಿ ಓದಿದ್ದರು, ಅದೇ ತಮ್ಮ ಕಯೋಟಿಯ ಬೇರು ಎಂದಿದ್ದರು. ಆದರೆ ಮರುಭೂಮಿಯ ಕಯೋಟಿಗೆ ಬೆಳಗು ಬೈಗಿಲ್ಲ, ಜೊತೆಗಾರನಿಲ್ಲ, ಅವನ ಆಸೆಗೆ ಕೊನೆಯ ಸಿಳ್ಳಿಲ್ಲ. ರಾಲ್ಫ್‌ಗೆ ಇದೆ. ಅದೇ ಮುಖ, ಅದೇ ಕೈಕಾಲು, ಅದೇ ಸೋಲು. ಒಂದು ಹಾಜರಿ ಗಡಿಯಾರ ತಂದು ನಿಲ್ಲಿಸಿದ್ದೇ ತಡ, ಹಸಿವು ಉದ್ಯೋಗವಾಯಿತು, ವೈರಿ ಸಹೋದ್ಯೋಗಿಯಾದ.

ಈ ಕಲ್ಪನೆ ಎಲ್ಲಿಂದ ಬಂತೆಂದು ಯೋಚಿಸುವಾಗ ನನಗೆ ಕಾರ್ಟೂನ್ ಸ್ಟುಡಿಯೊಗಳೇ ಕಣ್ಣಿಗೆ ಬರುತ್ತವೆ. ಇವು ಕಲಾವಿದರು ಒಂಟಿಯಾಗಿ ಕುಳಿತು ಬರೆದ ಚಿತ್ರಗಳಲ್ಲ. ಗೆರೆ ಎಳೆಯುವವರು, ನಡುವಿನ ಚಿತ್ರ ತುಂಬುವವರು, ಶಾಯಿ ಹಚ್ಚುವವರು, ಬಣ್ಣ ತುಂಬುವವರು, ಹೀಗೆ ಸಾಲುಸಾಲು ಮೇಜುಗಳ ದುಡಿಮೆ. 1941ರಲ್ಲಿ ಡಿಸ್ನಿ ಸ್ಟುಡಿಯೊದಲ್ಲಿ ದೊಡ್ಡ ಮುಷ್ಕರ ನಡೆಯಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಆರ್ಟ್ ಬ್ಯಾಬಿಟ್ ‘ಥ್ರೀ ಲಿಟಲ್ ಪಿಗ್ಸ್’ನ ಚಿತ್ರಕಾರರಲ್ಲೂ ಒಬ್ಬರು. ಅವರನ್ನು ಕೆಲಸದಿಂದ ತೆಗೆದಿದ್ದೇ ಮುಷ್ಕರ ಸಿಡಿಯಲು ಕಾರಣವಾಯಿತು. ರಾಲ್ಫ್ ಬೇರೆ ಸ್ಟುಡಿಯೊದವನು, ಬೇರೆ ಕಾಲದವನು. ಆದರೂ ದಿನವಿಡೀ ಇನ್ನೊಬ್ಬರ ನಗುವಿಗಾಗಿ ಲೆಕ್ಕ ಹಾಕಿ ಗೆರೆ ಎಳೆದು ಸಂಜೆ ಡಬ್ಬಿ ಹಿಡಿದು ಮನೆಗೆ ಹೋಗುವವರೇ ಅವನನ್ನು ಬರೆದದ್ದು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

1959ರಿಂದ 1965ರವರೆಗೆ ಹ್ಯಾನಾ ಮತ್ತು ಬಾರ್ಬೆರಾ ಅವರ ಸ್ಟುಡಿಯೊ ಲೂಪಿ ಡಿ ಲೂಪ್ ಎಂಬ ತೋಳನ 48 ಕಿರುಚಿತ್ರಗಳನ್ನು ತೆಗೆಯಿತು. ಅವನು ಫ್ರೆಂಚ್ ಮಾತಿನ ಛಾಯೆಯಲ್ಲಿ, ತಾನು ಒಳ್ಳೆಯ ತೋಳ ಎಂದು ಪರಿಚಯಿಸಿಕೊಂಡು, ತೋಳಗಳ ಕುಲಕ್ಕೆ ಬಂದ ಕೆಟ್ಟ ಹೆಸರನ್ನು ತೊಳೆಯಲು ಊರೂರು ಸುತ್ತುತ್ತಾನೆ. ಉಪಕಾರ ಮಾಡಿದಲ್ಲೆಲ್ಲ ಒದೆ ತಿನ್ನುತ್ತಾನೆ. ಕಲ್ಪನೆ ಒಳ್ಳೆಯದು, ಚಿತ್ರಗಳು ಮಾತ್ರ ಒಂದರ ಹಾಗೆ ಇನ್ನೊಂದು. ತೋಳನಿಗೆ ಒಳ್ಳೆಯತನ ಕೊಡುವ ಆತುರದಲ್ಲಿ ಅವನ ಹೊಟ್ಟೆಯನ್ನು ಕಿತ್ತುಕೊಂಡರು.

ಇನ್ನು ರಷ್ಯಾಕ್ಕೆ ಹೋಗೋಣ. 1969ರಲ್ಲಿ ಮಾಸ್ಕೊದ ಸೊಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೊದಲ್ಲಿ ವ್ಯಾಚೆಸ್ಲಾವ್ ಕೊಟ್ಯೊನೊಚ್ಕಿನ್ ‘ನು, ಪೊಗೊದಿ!’ ಶುರು ಮಾಡಿದರು. ಇರು, ನಿನ್ನನ್ನು ವಿಚಾರಿಸಿಕೊಳ್ಳುತ್ತೇನೆ ಎಂಬಂಥ ಮಾತು ಅದು. ಪ್ರತಿ ಕಂತಿನ ಕೊನೆಗೂ ತೋಳ ಮೊಲಕ್ಕೆ ಇದನ್ನೇ ಕೂಗುತ್ತಾನೆ. 1986ರವರೆಗೆ 16 ಕಂತುಗಳು ಬಂದವು. ಬೆಲ್‌ಬಾಟಮ್ ಪ್ಯಾಂಟು, ಬಾಯಲ್ಲಿ ಸಿಗರೇಟು, ಕೆದರಿದ ಕೂದಲು. ಮೊದಲ ಕಂತಿನಲ್ಲೇ ಅವನು ಮೊಲ ಇರುವ ಮಹಡಿಗೆ ಹಗ್ಗ ಹಿಡಿದು ಹತ್ತುತ್ತ, ಕವಿ, ಗಾಯಕ ವ್ಲಾದಿಮಿರ್ ವಿಸೋಟ್‌ಸ್ಕಿ ಗೆಳೆತನದ ಮೇಲೆ ಕಟ್ಟಿದ ಹಾಡನ್ನು ಶಿಳ್ಳೆಯಲ್ಲಿ ನುಡಿಸುತ್ತಾನೆ. ತಿನ್ನಲು ಹೊರಟವನ ಬಾಯಲ್ಲಿ ಗೆಳೆಯನ ಹಾಡು!

ತೋಳನ ದನಿ ಅನತೋಲಿ ಪಾಪಾನೊವ್ ಅವರದು. ಎರಡನೆಯ ಮಹಾಯುದ್ಧದ ರಣರಂಗದಲ್ಲಿ ಗಾಯಗೊಂಡು ಬಂದವರು, ರಂಗಭೂಮಿಯ ಗಂಭೀರ ನಟ. ಮಾತು ಕಡಿಮೆ ಇರುವ ಈ ಚಿತ್ರದಲ್ಲಿ ಅವರು ಕೊಟ್ಟದ್ದು ಹೆಚ್ಚಾಗಿ ಗೊಗ್ಗರು ನಗು, ಗೊಣಗಾಟ, ನಿಟ್ಟುಸಿರು. ಅವರು 1987ರಲ್ಲಿ ತೀರಿಕೊಂಡರು. 1993ರಲ್ಲಿ ಮತ್ತೆ ಎರಡು ಕಂತು ಮಾಡುವಾಗ ಹಳೆಯ ಧ್ವನಿಮುದ್ರಣಗಳಿಂದ ಅದೇ ದನಿಯನ್ನು ಬಳಸಿದರು. ಆ ನಿಟ್ಟುಸಿರಿಗೆ ಬದಲಿ ಇರಲಿಲ್ಲ.

ಹೊಸ ವರ್ಷದ ಕಂತೊಂದರಲ್ಲಿ ಮೊಲ, ರಷ್ಯಾದಲ್ಲಿ ಹೊಸ ವರ್ಷಕ್ಕೆ ಮಕ್ಕಳಿಗೆ ಉಡುಗೊರೆ ತರುವ ಹಿಮಜ್ಜನ ವೇಷ ಹಾಕುತ್ತದೆ, ತೋಳ ಅವನ ಮೊಮ್ಮಗಳು ಹಿಮಕನ್ಯೆಯ ವೇಷ ಹಾಕುತ್ತಾನೆ. ಇಬ್ಬರೂ ವೇದಿಕೆಯ ಮೇಲೆ ಯುಗಳಗೀತೆ ಹಾಡುತ್ತಾರೆ: ಎಲ್ಲಿದ್ದೆ ಇಷ್ಟು ದಿನ, ಹೇಗಿದ್ದೆ ಹೇಳು. ಹಾಡು ಮುಗಿಯುವವರೆಗೆ ಯಾರೂ ಯಾರನ್ನೂ ಬೆನ್ನಟ್ಟುವುದಿಲ್ಲ. ಇದನ್ನು ನೋಡುವಾಗ ನನಗೆ ರಾಲ್ಫ್ ಮತ್ತು ಸ್ಯಾಮ್ ಪಕ್ಕಪಕ್ಕ ಕುಳಿತು ಬಿಚ್ಚಿದ ಡಬ್ಬಿಗಳು ನೆನಪಾಗುತ್ತವೆ.

ಬಯಲಿನ ತೋಳದ ಮಾತಿಗೆ ಬರುತ್ತೇನೆಂದು ಹೇಳಿದ್ದೆ. ಕುರಿ ಕಾಯುವ ಹುಡುಗ ತೋಳ ಬಂತು ತೋಳ ಎಂದು ಕೂಗುವ ಕತೆಯನ್ನು ಕೇಳದೆ ಬೆಳೆದ ಕನ್ನಡದ ಮಗು ಅಪರೂಪ. ತೋಳವನ್ನು ನೋಡಿದ ಮಗು ಅದಕ್ಕಿಂತಲೂ ಅಪರೂಪ. ನಮ್ಮ ಬಯಲುಸೀಮೆಯ ತೋಳಕ್ಕೆ ದಟ್ಟ ಕಾಡು ಬೇಡ. ಕುರುಚಲು, ಹುಲ್ಲುಗಾವಲು, ಕಲ್ಲುಗುಡ್ಡ ಸಾಕು. ನಾವು ಪಾಳು ಜಮೀನು ಎಂದು ದಾಖಲೆಯಲ್ಲಿ ಬರೆದುಕೊಂಡದ್ದೇ ಅದರ ಮನೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದಕ್ಕೆ ರಕ್ಷಣೆ ಇದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ವನ್ಯಧಾಮ ಇದೆ. ಎಷ್ಟು ಜನ ಅದರ ಹೆಸರು ಕೇಳಿದ್ದೀರಿ ಎಂದು ಸಭೆಯಲ್ಲಿ ಕೇಳಿದಾಗ ಮೂರು ಕೈಗಳು ಮೇಲೆದ್ದವು. ತೋಳದ ಬೇಟೆ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು ಎಂದು ಅದನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಮುತ್ಯಾ ಹೇಳಿದ ಒಂಬತ್ತು ರಾತ್ರಿಗಳ ಲೆಕ್ಕವೇ ಅದು.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳಿಗೆ ಸ್ವಲ್ಪ ಹೊತ್ತು ಇತ್ತು. ಹಿರಿಯರು ಏವರಿ ಬಗ್ಗೆ, ಸೆನ್ಸಾರ್ ಬಗ್ಗೆ ಕೇಳಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಎಂಟೊಂಬತ್ತು ವರ್ಷದ ಹುಡುಗಿ ಎದ್ದು ನಿಂತಳು. “ಟೀಚರ್, ಸ್ಯಾಮ್‌ಗೆ ಕುರಿ ಇಟ್ಟವರು ಸಂಬಳ ಕೊಡುತ್ತಾರೆ. ರಾಲ್ಫ್‌ಗೆ ಯಾರು ಕೊಡುತ್ತಾರೆ?”

ಇಷ್ಟು ವರ್ಷ ಆ ಚಿತ್ರಗಳನ್ನು ನೋಡಿದ್ದೇನೆ, ಇದನ್ನು ಕೇಳಿಕೊಂಡಿರಲಿಲ್ಲ. ಆರಂಭದ ದೃಶ್ಯವನ್ನು ಮತ್ತೆ ಹಾಕೋಣ ಎಂದೆ. ದೀಪ ಆರಿಸಿದೆವು. ಹುಲ್ಲುಗಾವಲು ಬಂತು, ಕುರಿಗಳು ಬಂದವು, ಇಬ್ಬರೂ ಡಬ್ಬಿ ಹಿಡಿದು ಬಂದರು, ಒಬ್ಬರಾದ ಮೇಲೆ ಒಬ್ಬರು ಕಾರ್ಡು ತೂರಿಸಿದರು. ಹುಡುಗಿ ತೆರೆಯ ಹತ್ತಿರ ಹೋಗಿ ಗಡಿಯಾರದ ಹಿಂದೆ, ಮರದ ಹಿಂದೆ, ಗುಡ್ಡದ ಅಂಚಿನಲ್ಲಿ ಹುಡುಕಿದಳು. ಸಿಳ್ಳು ಕೂಗಿತು. ಕೂಗಿಸಿದವರು ಎಲ್ಲೂ ಕಾಣಲಿಲ್ಲ.